ಕೊಳೆ ಮೊದಲೋ, ಬೂಸ್ಟು ಮೊದಲೋ: ಒಬ್ಬ ಪಾದ್ರಿ ಕೊಟ್ಟ ಉತ್ತರ

ಆಟಿ ತಿಂಗಳಲ್ಲಿ ಮೂರು ನಾಲ್ಕು ದಿನ ಎಡೆಬಿಡದೆ ಸುರಿದ ಮಳೆ ಒಂದು ಬೆಳಿಗ್ಗೆ ತುಸು ಹೊಳವಾದಾಗ, ಕುಂಬಳೆಯಿಂದ ಬದಿಯಡ್ಕ, ಪೆರ್ಲಗಳವರೆಗಿನ ಯಾವ ಅಡಿಕೆ ತೋಟಕ್ಕೆ ಇಳಿದರೂ ಕಣ್ಣು ಮೊದಲು ಹೋಗುವುದು ಮರದ ಬುಡಕ್ಕೆ. ಅಲ್ಲಿ ಉದುರಿದ ಎಳೆ ಅಡಿಕೆ ಬಿದ್ದಿದ್ದರೆ ಅದನ್ನು ಹೆಕ್ಕಿ ತೊಟ್ಟಿನ ಭಾಗವನ್ನು ತಿರುಗಿಸಿ ನೋಡುವುದು ಎಲ್ಲ ಕೃಷಿಕರಿಗೂ ರೂಢಿ. ಹಸಿರಿನ ಹೊಳಪು ಹೋಗಿ, ನೀರು ಕುಡಿದಂತಹ ಕಪ್ಪು ಕಲೆಯೊಂದು ತೊಟ್ಟಿನಿಂದ ಕೆಳಕ್ಕೆ ಇಳಿದಿದ್ದರೆ ಮತ್ತೆ ಸಂಶಯವಿಲ್ಲ. ಅದೇ ಅಡಿಕೆಯನ್ನು ಎರಡು ದಿನ ನೆಲದಲ್ಲಿ ಬಿಟ್ಟರೆ ಅದರ ಮೇಲೆ ಹತ್ತಿಯಂತಹ ಬಿಳಿ ಬೂಸ್ಟು ಹಬ್ಬುತ್ತದೆ. ಕನ್ನಡದಲ್ಲಿ ಇದು ಕೊಳೆರೋಗ. ಕಾಸರಗೋಡಿನ ಮಲಯಾಳ ಮಾತಾಡುವ ಕೃಷಿಕರಿಗೆ ಮಹಾಳಿ.

ಕೊಳೆರೋಗ ಎಂಬ ಹೆಸರಿನಲ್ಲಿ ಬೂಸ್ಟಿಗೆ ಸ್ಥಾನವಿಲ್ಲ ಎಂಬುದನ್ನು ಗಮನಿಸಬೇಕು. ಹೆಸರಿಟ್ಟವರು ಕಂಡದ್ದು ಕೊಳೆಯುವುದನ್ನು. ಮಳೆ ಹೆಚ್ಚಾಯಿತು, ಅಡಿಕೆ ಕೊಳೆಯಿತು, ಕೊಳೆತದ್ದರ ಮೇಲೆ ಬೂಸ್ಟು ಬಂದಿತು ಎಂಬ ಕ್ರಮವೇ ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದು. ಮಳೆಗಾಲದಲ್ಲಿ ಹಳಸಿದ ಅನ್ನದ ಮೇಲೆ, ಒದ್ದೆಯಾದ ಚಪ್ಪಲಿಯ ಮೇಲೆ, ಕಪಾಟಿನಲ್ಲಿಟ್ಟ ಪುಸ್ತಕದ ಬೆನ್ನಿನ ಮೇಲೆ ಬೂಸ್ಟು ಬರುವುದನ್ನು ನಿತ್ಯ ಕಾಣುವ ನಾವು, ಅದನ್ನು ಹಾಳಾದದ್ದರ ಗುರುತು ಎಂದು ತಿಳಿಯುತ್ತೇವೆಯೇ ಹೊರತು ಹಾಳುಮಾಡಿದ್ದು ಎಂದು ತಿಳಿಯುವುದಿಲ್ಲ. ಈ ಕ್ರಮವನ್ನು ತಿರುಗಿಸಿ, ಬೂಸ್ಟೇ ಮೊದಲು, ಕೊಳೆಯುವುದು ಆಮೇಲೆ ಎಂದು 1846ರಲ್ಲಿ ವಾದಿಸಿದವರು ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿ ಮೈಲ್ಸ್ ಜೋಸೆಫ್ ಬರ್ಕ್ಲಿ. ಅವರು ನೋಡಿದ್ದು ಅಡಿಕೆಯನ್ನಲ್ಲ, ಬಟಾಟೆಯನ್ನು. ಆದರೆ ಅಂದು ಅವರ ಸೂಕ್ಷ್ಮದರ್ಶಕದ ಕೆಳಗಿದ್ದ ಜೀವಿಯೂ ನಮ್ಮ ತೋಟದ ಕೊಳೆರೋಗದ ಜೀವಿಯೂ ಒಂದೇ ಕುಲಕ್ಕೆ ಸೇರಿದವು.

ಬರ್ಕ್ಲಿ ಹುಟ್ಟಿದ್ದು 1803ರ ಏಪ್ರಿಲ್ 1ರಂದು, ನಾರ್ಥಾಂಪ್ಟನ್‌ಷೈರಿನ ಔಂಡಲ್ ಎಂಬ ಪೇಟೆಯ ಹತ್ತಿರ. ರಗ್ಬಿ ಶಾಲೆಯಲ್ಲಿ ಓದಿ, ಕೇಂಬ್ರಿಡ್ಜಿನ ಕ್ರೈಸ್ಟ್ಸ್ ಕಾಲೇಜಿನಿಂದ 1825ರಲ್ಲಿ ಪದವಿ ಪಡೆದರು. ಕೆಲವೇ ವರ್ಷಗಳ ನಂತರ ಚಾರ್ಲ್ಸ್ ಡಾರ್ವಿನ್ ಕಲಿತದ್ದೂ ಇದೇ ಕಾಲೇಜಿನಲ್ಲಿ. ಎಳವೆಯಿಂದಲೇ ಪ್ರಕೃತಿಯ ಚಿಕ್ಕಪುಟ್ಟ ಜೀವಿಗಳಲ್ಲಿ ಆಸಕ್ತಿಯಿದ್ದ ಅವರು ಮೊದಲಿಗೆ ಬಸವನಹುಳು ಜಾತಿಯ ಪ್ರಾಣಿಗಳ ಬಗ್ಗೆ ಬರೆದರು, ಆಮೇಲೆ ಪಾಚಿಗಳ ಕಡೆಗೆ ತಿರುಗಿದರು. ಪದವಿಯ ನಂತರ ಪೌರೋಹಿತ್ಯದ ದೀಕ್ಷೆ ಪಡೆದು ಕಡಲತೀರದ ಮಾರ್ಗೇಟ್‌ನಲ್ಲಿ ಸಹಾಯಕ ಪಾದ್ರಿಯಾದರು. 1833ರಲ್ಲಿ ತಮ್ಮ ಸ್ವಂತ ಜಿಲ್ಲೆಯ ಎಪ್‌ಥಾರ್ಪ್ ಮತ್ತು ವುಡ್ ನ್ಯೂಟನ್ ಎಂಬ ಎರಡು ಊರುಗಳ ಚರ್ಚುಗಳ ಹೊಣೆ ಅವರಿಗೆ ಬಂದಿತು. ವಾಸ ಹತ್ತಿರದ ಕಿಂಗ್ಸ್ ಕ್ಲಿಫ್ ಎಂಬ ಹಳ್ಳಿಯಲ್ಲಿ. ಅಲ್ಲಿಯೇ ಮುಂದಿನ ಮೂವತ್ತೈದು ವರ್ಷ ಕಳೆಯಿತು.

ಪಾದ್ರಿಯೊಬ್ಬರು ಬೂಸ್ಟು, ಅಣಬೆಗಳ ಹಿಂದೆ ಬೀಳುವುದು ಇಂದಿನ ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಕರಾವಳಿಯ ಕನ್ನಡಿಗರಾದ ನಮಗೆ ಅಷ್ಟು ವಿಚಿತ್ರವೆನಿಸಬಾರದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳು ಪತ್ರಿಕೆ ಹೊರಡಿಸಿದ್ದನ್ನೂ, ಅವರಲ್ಲೊಬ್ಬರಾದ ಕಿಟ್ಟೆಲ್ 1894ರಲ್ಲಿ ಕನ್ನಡ ನಿಘಂಟನ್ನು ಮುಗಿಸಿ ಕೊಟ್ಟದ್ದನ್ನೂ ನಾವು ಬಲ್ಲೆವು. ಅಂದಿನ ಇಂಗ್ಲೆಂಡಿನಲ್ಲಿ ವಿಜ್ಞಾನವೆಂಬುದು ಸಂಬಳ ತರುವ ಉದ್ಯೋಗವಾಗಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಹಳ್ಳಿಯ ಚರ್ಚು ಒಂದು ಮನೆಯನ್ನು, ಸಾಧಾರಣ ಆದಾಯವನ್ನು, ವಾರದ ಬಹುಪಾಲು ದಿನಗಳ ಬಿಡುವನ್ನು, ಸುತ್ತ ನಡೆದಾಡಲು ಹೊಲ ಕಾಡುಗಳನ್ನು ಕೊಡುತ್ತಿತ್ತು. ಸೃಷ್ಟಿಯನ್ನು ಅರಿಯುವುದು ಸೃಷ್ಟಿಕರ್ತನನ್ನು ಅರಿಯುವ ದಾರಿಯೆಂಬ ನಂಬಿಕೆಯೂ ಅದಕ್ಕೆ ಜೊತೆಗೂಡಿತ್ತು. ಡಾರ್ವಿನ್ನರ ಗುರು, ಕೇಂಬ್ರಿಡ್ಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಜಾನ್ ಸ್ಟೀವನ್ಸ್ ಹೆನ್ಸ್ಲೋ ಅವರೂ ಪಾದ್ರಿಯೇ ಆಗಿದ್ದರು. ಡಾರ್ವಿನ್ನರೂ ಪಾದ್ರಿಯಾಗಲೆಂದೇ ಕೇಂಬ್ರಿಡ್ಜಿಗೆ ಹೋದವರು. ಬೀಗಲ್ ಹಡಗು ಸಿಗದೆ ಹೋಗಿದ್ದರೆ ಅವರೂ ಯಾವುದೋ ಹಳ್ಳಿಯಲ್ಲಿ ಜೀರುಂಡೆಗಳನ್ನು ಹಿಡಿಯುತ್ತ ಭಾನುವಾರದ ಪ್ರವಚನ ಬರೆಯುತ್ತಿದ್ದರೇನೋ.

ಬರ್ಕ್ಲಿಯವರ ಬಿಡುವು ಮಾತ್ರ ಅಷ್ಟು ಧಾರಾಳವಾಗಿರಲಿಲ್ಲ. ಮಕ್ಕಳು ತುಂಬಿದ ದೊಡ್ಡ ಸಂಸಾರ; ಚರ್ಚಿನಿಂದ ಬರುವ ಆದಾಯ ಸಾಲದೆ ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಪಾಠ ಹೇಳಿ ಮನೆವಾರ್ತೆ ನಡೆಸಬೇಕಾಗಿತ್ತು. ಪಾಠ, ಪ್ರಾರ್ಥನೆ, ಊರಿನವರ ಹುಟ್ಟು ಸಾವುಗಳ ನಡುವೆ ಮಿಕ್ಕ ಹೊತ್ತಿನಲ್ಲಿ ಅವರು ಶಿಲೀಂಧ್ರಗಳನ್ನು ನೋಡಿದರು. 1836ರಲ್ಲಿ ಬ್ರಿಟನ್ನಿನ ಸಸ್ಯಗಳನ್ನು ವರ್ಣಿಸುವ ದೊಡ್ಡ ಗ್ರಂಥಮಾಲೆಯ ಶಿಲೀಂಧ್ರ ಸಂಪುಟ ಅವರ ಕೈಯಿಂದ ಹೊರಬಂದಿತು. ಅಲ್ಲಿಂದಾಚೆಗೆ ಜಗತ್ತಿನ ಮೂಲೆಮೂಲೆಗಳಿಂದ ಒಣಗಿಸಿದ ಅಣಬೆ, ತುಕ್ಕು, ಬೂಸ್ಟುಗಳ ಪೊಟ್ಟಣಗಳು ಕಿಂಗ್ಸ್ ಕ್ಲಿಫ್‌ಗೆ ಬರತೊಡಗಿದವು. ಬೀಗಲ್ ಯಾನದಲ್ಲಿ ಡಾರ್ವಿನ್ ದಕ್ಷಿಣ ಅಮೆರಿಕದ ತುದಿಯಿಂದ ತಂದ, ಬೀಚ್ ಜಾತಿಯ ಮರಗಳ ಮೇಲೆ ಗೋಲಿಗಳಂತೆ ಬೆಳೆಯುವ ಶಿಲೀಂಧ್ರಕ್ಕೆ ಡಾರ್ವಿನ್ನರದೇ ಹೆಸರಿಟ್ಟು ವರ್ಣಿಸಿದವರು ಬರ್ಕ್ಲಿ. ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಸಿಕ್ಕಿಮಿನ ಹಿಮಾಲಯದಿಂದ ತಂದ ಶಿಲೀಂಧ್ರಗಳೂ ಅವರ ಮೇಜಿಗೇ ಬಂದವು. ಅವರು ಹೊಸದಾಗಿ ಹೆಸರಿಟ್ಟ ಶಿಲೀಂಧ್ರಗಳ ಸಂಖ್ಯೆ ಸುಮಾರು 6,000.

ಇಷ್ಟೊಂದು ಬಗೆಯ ಶಿಲೀಂಧ್ರಗಳನ್ನು ನೋಡಿದ ಕಣ್ಣಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು: ಬೂಸ್ಟುಗಳೆಲ್ಲ ಒಂದೇ ನಡತೆಯವಲ್ಲ. ಕೆಲವು ಸತ್ತ ಕಟ್ಟಿಗೆ, ಕೊಳೆತ ಹಣ್ಣು, ಸೆಗಣಿಯ ಮೇಲೆ ಬದುಕುತ್ತವೆ; ಜೀವಂತ ಗಿಡದ ತಂಟೆಗೆ ಅವು ಹೋಗುವುದಿಲ್ಲ. ಇನ್ನು ಕೆಲವು ಜೀವಂತ ಎಲೆಯ ಒಳಗೇ ಹುಟ್ಟಿ ಬೆಳೆಯುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಬಿಳಿಯ ನೂಲುಗಳೇ. ಮುಂದೆ ಬಂದ ಜಗಳವೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿತ್ತು.

1845ರ ಬೇಸಿಗೆಯಲ್ಲಿ ಬೆಲ್ಜಿಯಮ್ಮಿನ ಬಟಾಟೆ ಹೊಲಗಳಲ್ಲಿ ಹಿಂದೆ ಕಾಣದ ರೋಗವೊಂದು ತಲೆದೋರಿತು. ಎಲೆಯ ಮೇಲೆ ಕಂದು ಕಲೆ, ಕೆಲವು ದಿನಗಳಲ್ಲಿ ಗಿಡವೆಲ್ಲ ಕಪ್ಪು, ನೆಲದೊಳಗಿನ ಗೆಡ್ಡೆ ನಾರುವ ಕೆಸರು. ಆಗಸ್ಟಿನಲ್ಲಿ ಅದು ಇಂಗ್ಲೆಂಡಿನ ದಕ್ಷಿಣ ತೀರ ದಾಟಿತು, ಸೆಪ್ಟೆಂಬರಿನಲ್ಲಿ ಐರ್ಲೆಂಡನ್ನು ಮುಟ್ಟಿತು. ಅಲ್ಲಿನ ಎಂಬತ್ತು ಲಕ್ಷಕ್ಕೂ ಮಿಕ್ಕಿದ ಜನರಲ್ಲಿ ಬಡವರ ಪಾಲಿಗೆ ಬಟಾಟೆಯೇ ಹೊತ್ತು ಹೊತ್ತಿನ ಊಟ. ನಮ್ಮಲ್ಲಿ ಕೊಳೆರೋಗ ಬಂದರೆ ವರ್ಷದ ಲೆಕ್ಕ ತಪ್ಪುತ್ತದೆ, ಸಾಲ ಉಳಿಯುತ್ತದೆ. ಆದರೂ ಅಂಗಡಿಯಿಂದ ಅಕ್ಕಿ ಬರುತ್ತದೆ. ಐರ್ಲೆಂಡಿನ ಗೇಣಿ ಒಕ್ಕಲುಗಳಿಗೆ ಬೆಳೆಯೇ ಬಟ್ಟಲಾಗಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಹಸಿವು ಮತ್ತು ಅದರ ಬೆನ್ನಿಗೆ ಬಂದ ಜ್ವರಗಳಿಂದ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. ಆ ಸಾವುಗಳಿಗೆಲ್ಲ ಬೂಸ್ಟೊಂದೇ ಹೊಣೆಯಲ್ಲ. ನೆಲದ ಒಡೆತನ, ಗೇಣಿಯ ಪದ್ಧತಿ, ಆಳುವವರ ಉದಾಸೀನ ಎಲ್ಲವೂ ಅದರಲ್ಲಿ ಸೇರಿದ್ದವು.

ಕಾರಣವೇನೆಂದು ಹುಡುಕಿದವರು ಕೈಗೆ ಸಿಕ್ಕಿದ್ದನ್ನೆಲ್ಲ ಹೇಳಿದರು. ಗಾಳಿಯಲ್ಲಿನ ವಿದ್ಯುತ್ತು ಎಂದರು, ಹೊಸದಾಗಿ ಬಂದ ರೈಲಿನ ಹೊಗೆ ಎಂದರು, ಭೂಮಿಯೊಳಗಿನಿಂದ ಏಳುವ ವಿಷಗಾಳಿ ಎಂದರು, ದೇವರ ಶಿಕ್ಷೆ ಎಂದರು. ಇವೆಲ್ಲಕ್ಕಿಂತ ಗಟ್ಟಿಯಾದ ವಾದವನ್ನು ಮುಂದಿಟ್ಟವರು ಲಂಡನ್ನಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ, ತೋಟಗಾರಿಕೆಯ ಪ್ರಮುಖ ವಾರಪತ್ರಿಕೆಯ ಸಂಪಾದಕ ಜಾನ್ ಲಿಂಡ್ಲಿ. ಅವರ ತರ್ಕ ಹೀಗಿತ್ತು: ಆ ವರ್ಷ ಮೊದಲು ಒಳ್ಳೆಯ ಬಿಸಿಲಿನಲ್ಲಿ ಬಟಾಟೆ ಗಿಡ ಸೊಂಪಾಗಿ ಬೆಳೆಯಿತು, ಆಮೇಲೆ ವಾರಗಟ್ಟಲೆ ಮೋಡ, ಚಳಿ, ಮಳೆ. ಹೀರಿದ ನೀರನ್ನು ಎಲೆಯ ಮೂಲಕ ಹೊರಹಾಕಲು ಬಿಸಿಲಿಲ್ಲದೆ ಗಿಡದ ಮೈಯೊಳಗೆ ನೀರು ತುಂಬಿತು, ಮನುಷ್ಯನಿಗೆ ಜಲೋದರ ಬರುವಂತೆ. ಹಾಗೆ ತುಂಬಿದ ಮೈ ಕೊಳೆಯಿತು. ಕೊಳೆತ ಮೇಲೆ ಬೂಸ್ಟು ಬಂದಿತು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಮಳೆಗೂ ರೋಗಕ್ಕೂ ನಂಟಿದೆ ಎಂಬುದು ಎಲ್ಲರ ಕಣ್ಣೆದುರಿನ ಸತ್ಯವಾಗಿತ್ತು. ನಮ್ಮ ಹಿರಿಯರಲ್ಲಿ ಯಾರನ್ನು ಕೇಳಿದ್ದರೂ ಕೊಳೆರೋಗಕ್ಕೆ ಇದೇ ಕಾರಣವನ್ನು ಹೇಳುತ್ತಿದ್ದರು.

ಇನ್ನೊಂದು ಕಡೆ, ಬೆಲ್ಜಿಯಂ ಮತ್ತು ಫ್ರಾನ್ಸಿನ ಕೆಲವರು ಬೂಸ್ಟಿನತ್ತ ಬೊಟ್ಟು ಮಾಡಿದ್ದರು. ನೆಪೋಲಿಯನ್ನನ ಸೇನೆಯಲ್ಲಿ ವೈದ್ಯರಾಗಿದ್ದು ಆಮೇಲೆ ಶಿಲೀಂಧ್ರಗಳ ಅಧ್ಯಯನಕ್ಕೆ ತೊಡಗಿದ್ದ ಕಮೀಲ್ ಮೊಂತಾಞ್ ಅವರು ಆ ಬೂಸ್ಟಿಗೆ 1845ರ ಆಗಸ್ಟ್ ಕೊನೆಯಲ್ಲಿಯೇ ಹೆಸರಿಟ್ಟಿದ್ದರು. ಬರ್ಕ್ಲಿಯವರಿಗೆ ಅವರೊಡನೆ ಪತ್ರವ್ಯವಹಾರವಿತ್ತು. ಅವರ ಟಿಪ್ಪಣಿಗಳನ್ನೂ ತಮ್ಮ ನೋಟಗಳನ್ನೂ ಸೇರಿಸಿ, ಚಿತ್ರಗಳೊಂದಿಗೆ ಬರ್ಕ್ಲಿ ಒಂದು ದೀರ್ಘ ಲೇಖನ ಬರೆದರು. ಅದು ಲಂಡನ್ನಿನ ತೋಟಗಾರಿಕಾ ಸಂಘದ ಪತ್ರಿಕೆಯಲ್ಲಿ 1846ರಲ್ಲಿ ಅಚ್ಚಾಯಿತು. ಅದರ ತಿರುಳು ಎಷ್ಟು ನೇರವೆಂದರೆ, ಕೊಳೆಯುವುದು ಬೂಸ್ಟಿನ ಪರಿಣಾಮ, ಬೂಸ್ಟು ಕೊಳೆಯುವುದರ ಪರಿಣಾಮವಲ್ಲ ಎಂಬ ಒಂದು ವಾಕ್ಯದಲ್ಲಿ ಅದನ್ನು ಹೇಳಿ ಮುಗಿಸಬಹುದು.

ಆ ವಾಕ್ಯವನ್ನು ಹೇಳುವುದು ಸುಲಭ. ಅದಕ್ಕೆ ಅವರು ಕೊಟ್ಟ ಆಧಾರಗಳೇನು ಎಂಬುದು ಮುಖ್ಯ. ಒಂದನೆಯದಾಗಿ, ಎಲೆಯ ಕಂದು ಕಲೆಯ ಅಂಚಿನಲ್ಲಿ, ಇನ್ನೂ ಹಸಿರಾಗಿಯೇ ಇರುವ ಭಾಗದಲ್ಲಿ, ಬೂಸ್ಟು ಕಾಣುತ್ತಿತ್ತು. ಕೊಳೆತದ್ದನ್ನು ತಿನ್ನಲು ಬಂದ ಬೂಸ್ಟಾದರೆ ಅದು ಕಲೆಯ ನಡುವೆ, ಪೂರ್ತಿ ಸತ್ತ ಜಾಗದಲ್ಲಿ ದಟ್ಟವಾಗಿರಬೇಕಿತ್ತು. ಇದು ಹಾಗಿರಲಿಲ್ಲ, ಸಾವಿಗಿಂತ ಒಂದು ಹೆಜ್ಜೆ ಮುಂದೆಯೇ ಹೋಗುತ್ತಿತ್ತು. ಎರಡನೆಯದಾಗಿ, ಬೂಸ್ಟಿನ ನೂಲುಗಳು ಎಲೆಯ ಮೇಲೆ ಕುಳಿತಿರಲಿಲ್ಲ. ಎಲೆಯ ಒಳಗಿನ ಜೀವಕೋಶಗಳ ನಡುವೆ ಹಬ್ಬಿ, ಎಲೆ ಉಸಿರಾಡುವ ಸಣ್ಣ ರಂಧ್ರಗಳ ಮೂಲಕ ಕೊಂಬೆಗಳಂತೆ ಹೊರಗೆ ಚಾಚಿ, ಆ ಕೊಂಬೆಗಳ ತುದಿಯಲ್ಲಿ ನಿಂಬೆ ಹಣ್ಣಿನ ಆಕಾರದ ಬೀಜಕಣಗಳನ್ನು ಹೊತ್ತಿದ್ದವು. ಮೂರನೆಯದು ಅನುಭವಿಯ ಮಾತು: ಈ ಬೂಸ್ಟಿನ ಹತ್ತಿರದ ಸಂಬಂಧಿಗಳು ಯಾವುವೂ ಕೊಳೆತದ್ದರ ಮೇಲೆ ಬದುಕುವಂಥವಲ್ಲ, ಕೊಳೆಯುವಂತೆ ಮಾಡುವಂಥವು. ಸಾವಿರಾರು ಶಿಲೀಂಧ್ರಗಳ ಕುಲ ಗೋತ್ರಗಳನ್ನು ಕೈಯಾರೆ ವಿಂಗಡಿಸಿದವರು ಮಾತ್ರ ಹೇಳಬಲ್ಲ ಮಾತಿದು. ನನಗೆ ಈ ಮೂರನೆಯ ಆಧಾರವೇ ಹೆಚ್ಚು ಮೆಚ್ಚುಗೆಯಾದದ್ದು, ಏಕೆಂದರೆ ಹೆಸರಿಡುವ, ಪಟ್ಟಿ ಮಾಡುವ ಕೆಲಸವನ್ನು ಕೇವಲ ಸಂಗ್ರಹದ ಹವ್ಯಾಸವೆಂದು ಕೀಳಾಗಿ ಕಾಣುವವರಿಗೆ ಅಲ್ಲಿ ಉತ್ತರವಿದೆ.

ಆದರೆ ಇದು ಪೂರ್ತಿ ಸಾಬೀತು ಆಗಿರಲಿಲ್ಲ. ಬೂಸ್ಟು ರೋಗದ ಜೊತೆಗೆ ಸದಾ ಇರುತ್ತದೆ ಎಂಬುದನ್ನು ಬರ್ಕ್ಲಿ ತೋರಿಸಿದ್ದರು, ರೋಗಕ್ಕಿಂತ ಮುಂದೆ ಹೋಗುತ್ತದೆ ಎಂಬುದನ್ನೂ ತೋರಿಸಿದ್ದರು. ಆರೋಗ್ಯವಾಗಿರುವ ಗಿಡಕ್ಕೆ ಆ ಬೀಜಕಣವನ್ನು ಹಚ್ಚಿ ರೋಗ ಬರಿಸಿ, ಹಚ್ಚದೆ ಬಿಟ್ಟ ಗಿಡಕ್ಕೆ ಬರಲಿಲ್ಲವೆಂದು ತೋರಿಸುವುದು ಬಾಕಿಯಿತ್ತು. ಆ ಕಾಲವನ್ನು ನೆನೆಯಬೇಕು. ಜೀವಿಗಳು ಕೊಳೆತ ವಸ್ತುವಿನಿಂದ ತಾವಾಗಿಯೇ ಹುಟ್ಟುತ್ತವೆ ಎಂಬ ನಂಬಿಕೆಗೆ ವಿರುದ್ಧವಾಗಿ ಪ್ಯಾಸ್ಟರ್ ತಮ್ಮ ಪ್ರಯೋಗಗಳನ್ನು ಮಾಡಿದ್ದು 1860ರ ಆಸುಪಾಸಿನಲ್ಲಿ. ಸೂಕ್ಷ್ಮಜೀವಿಯೊಂದು ರೋಗ ತರಬಲ್ಲದು ಎಂಬ ವಿಚಾರವೇ 1846ರಲ್ಲಿ ಬಹುಪಾಲು ವಿದ್ವಾಂಸರಿಗೆ ಒಪ್ಪಿಗೆಯಾಗಿರಲಿಲ್ಲ. ಲಿಂಡ್ಲಿಯವರು ತಮ್ಮ ಪಟ್ಟು ಬಿಡಲಿಲ್ಲ. ಬರ್ಕ್ಲಿಯವರ ಮಾತನ್ನು ನಂಬಿದವರು ಕಡಿಮೆ. ಒಂದು ವೇಳೆ ಎಲ್ಲರೂ ನಂಬಿದ್ದರೂ ಅಂದಿನ ಹಸಿವು ತಪ್ಪುತ್ತಿರಲಿಲ್ಲ, ಏಕೆಂದರೆ ಆ ಬೂಸ್ಟನ್ನು ತಡೆಯುವ ಮದ್ದು ಯಾರ ಕೈಯಲ್ಲಿಯೂ ಇರಲಿಲ್ಲ. ಸರಕಾರ ಡಬ್ಲಿನ್ನಿಗೆ ಕಳಿಸಿದ ತಜ್ಞರು, ಲಿಂಡ್ಲಿಯವರೂ ಅವರಲ್ಲೊಬ್ಬರು, ಗೆಡ್ಡೆಗಳನ್ನು ಒಣಗಿಸಿಡಿ ಎಂದು ಸಲಹೆ ಕೊಟ್ಟರು, ಒಣಗಿಸಿಟ್ಟವೂ ಕೊಳೆತವು. ಹೆನ್ಸ್ಲೋ ತಮ್ಮ ಹಳ್ಳಿಯವರಿಗೆ ಕೊಳೆತ ಬಟಾಟೆಯಿಂದ ಪಿಷ್ಟವನ್ನಾದರೂ ತೊಳೆದು ತೆಗೆದುಕೊಳ್ಳುವ ಕ್ರಮವನ್ನು ಕಲಿಸಿಕೊಟ್ಟರು.

ಬಾಕಿಯಿದ್ದ ಸಾಬೀತನ್ನು ಪೂರೈಸಿದವರು ಜರ್ಮನಿಯ ಆಂಟನ್ ಡಿ ಬಾರಿ, 1861ರಲ್ಲಿ. ಅವರು ಬೀಜಕಣಗಳನ್ನು ಆರೋಗ್ಯವಾಗಿದ್ದ ಎಲೆಗಳಿಗೆ ಹಚ್ಚಿ, ಅವು ಮೊಳೆತು ಎಲೆಯ ಒಳಗೆ ನುಗ್ಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದಕ್ಕಿಂತಲೂ ವಿಸ್ಮಯದ ಸಂಗತಿಯೆಂದರೆ, ನಿಂಬೆಯಾಕಾರದ ಆ ಕಣಗಳು ನೀರಿನಲ್ಲಿ ಬಿದ್ದಾಗ ಒಡೆದು, ಒಳಗಿನಿಂದ ಸಣ್ಣ ಸಣ್ಣ ಮರಿಗಳು ಹೊರಬಂದು ಈಜಿದವು. ಆ ಜೀವಿಯ ಕುಲಕ್ಕೆ 1876ರಲ್ಲಿ ಅವರು ಇಟ್ಟ ಹೆಸರು ಫೈಟಾಫ್ತೊರಾ. ಗ್ರೀಕ್ ಭಾಷೆಯಲ್ಲಿ ಗಿಡವನ್ನು ನಾಶಮಾಡುವಂಥದ್ದು ಎಂದು ಅದರ ಅರ್ಥ.

ಮಳೆಗೂ ರೋಗಕ್ಕೂ ನಡುವಿನ ನಂಟು ಈ ಈಜುವ ಮರಿಗಳಿಂದ ಸ್ಪಷ್ಟವಾಗುತ್ತದೆ. ಅವುಗಳಿಗೆ ಚಾಟಿಯಂತಹ ಎರಡು ಬಾಲಗಳಿವೆ. ಎಲೆಯ ಅಥವಾ ಕಾಯಿಯ ಮೇಲೆ ತೆಳುವಾದ ನೀರಿನ ಪದರವೊಂದಿದ್ದರೆ ಸಾಕು, ಅವು ಅದರಲ್ಲಿ ಈಜಿ ಒಂದೆಡೆ ಅಂಟಿಕೊಳ್ಳುತ್ತವೆ, ಬಾಲ ಕಳಚಿ ಗುಂಡಗಾಗುತ್ತವೆ, ಮೊಳಕೆಯೊಡೆದು ಒಳನುಗ್ಗುತ್ತವೆ. ಬಿಸಿಲು ಬಂದು ನೀರು ಆರಿದರೆ ಈ ಕೆಲಸ ನಿಲ್ಲುತ್ತದೆ. ನಮ್ಮ ಅಡಿಕೆಗೊನೆಯನ್ನು ಈಗ ಕಣ್ಣ ಮುಂದೆ ತಂದುಕೊಳ್ಳಬಹುದು. ಗೊನೆಯಲ್ಲಿ ಕಾಯಿಗಳು ಒತ್ತಾಗಿರುತ್ತವೆ. ಮಳೆಯ ನೀರು ತೊಟ್ಟಿನ ಸುತ್ತಲಿನ ಎಸಳುಗಳ ಸಂದಿಯಲ್ಲಿ ನಿಲ್ಲುತ್ತದೆ. ಜೂನಿನಿಂದ ಸೆಪ್ಟೆಂಬರ್ ವರೆಗೆ ಆ ಸಂದಿ ಒಣಗುವುದೇ ಅಪರೂಪ. ಕಲೆ ತೊಟ್ಟಿನ ಕಡೆಯಿಂದ ಆರಂಭವಾಗುವುದೇಕೆ, ಮಳೆ ಹಿಡಿದ ಎರಡು ಮೂರು ವಾರಗಳಲ್ಲಿ ರೋಗ ಕಾಣಿಸುವುದೇಕೆ, ಗಾಳಿ ಮಳೆಯ ಎರಚಲು ಒಂದು ಗೊನೆಯಿಂದ ಪಕ್ಕದ ಮರದ ಗೊನೆಗೆ ರೋಗವನ್ನು ಒಯ್ಯುವುದೇಕೆ, ನಡುವೆ ಹೊಳವು ಸಿಕ್ಕ ವರ್ಷ ನಷ್ಟ ಕಡಿಮೆಯಾಗುವುದೇಕೆ ಎಂಬ ಪ್ರಶ್ನೆಗಳಿಗೆಲ್ಲ ಆ ಎರಡು ಬಾಲಗಳ ಮರಿಯಲ್ಲಿ ಉತ್ತರವಿದೆ. ಲಿಂಡ್ಲಿ ಕಂಡ ಮಳೆ ಸುಳ್ಳಾಗಿರಲಿಲ್ಲ, ಆದರೆ ಗಿಡಕ್ಕೆ ನೀರು ಹೆಚ್ಚಾದುದರಿಂದ ರೋಗ ಬಂದದ್ದಲ್ಲ, ಬೂಸ್ಟಿಗೆ ಈಜಲು ನೀರು ಸಿಕ್ಕಿದ್ದರಿಂದ ಬಂದದ್ದು.

ಇಲ್ಲೊಂದು ಅಡ್ಡಮಾತು. ಫೈಟಾಫ್ತೊರಾ ನಿಜಕ್ಕೂ ಶಿಲೀಂಧ್ರವಲ್ಲ ಎಂಬುದು ಇಂದಿನ ತೀರ್ಮಾನ. ಅಣಬೆ ಮೊದಲಾದ ನಿಜವಾದ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯವಾದರೆ, ಇದರ ಭಿತ್ತಿಯಲ್ಲಿ ಸಸ್ಯಗಳಲ್ಲಿರುವಂತೆ ಸೆಲ್ಯುಲೋಸ್ ಇದೆ. ವಂಶದ ಲೆಕ್ಕ ಹಿಡಿದರೆ ಇದು ಕಡಲಿನ ಕಂದು ಪಾಚಿಗಳ ನೆಂಟ. ಶಿಲೀಂಧ್ರಕ್ಕೆಂದು ಮಾಡಿದ ಎಷ್ಟೋ ಔಷಧಗಳು ಇದರ ಮೇಲೆ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣ. ಬರ್ಕ್ಲಿಯವರು 1833ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕ ಬ್ರಿಟನ್ನಿನ ಪಾಚಿಗಳನ್ನು ಕುರಿತದ್ದು. ಪಾಚಿಯನ್ನು ಬಿಟ್ಟು ಶಿಲೀಂಧ್ರಕ್ಕೆ ಬಂದವರಿಗೆ ಹೆಸರು ತಂದುಕೊಟ್ಟ ಶಿಲೀಂಧ್ರ ಕೊನೆಗೆ ಪಾಚಿಯ ಬಳಗದ್ದೇ ಆಯಿತು.

ಬಟಾಟೆಯ ಜಗಳದ ನಂತರ ಬರ್ಕ್ಲಿ ಗಿಡಗಳ ರೋಗಗಳನ್ನು ಒಂದು ಪ್ರತ್ಯೇಕ ಶಾಸ್ತ್ರವಾಗಿ ಕಾಣತೊಡಗಿದರು. 1847ರಲ್ಲಿ, ಮಾರ್ಗೇಟ್‌ನ ತೋಟಗಾರರೊಬ್ಬರು ದ್ರಾಕ್ಷಿಯ ಮೇಲೆ ಕಂಡ ಬೂದಿಯಂತಹ ರೋಗಕ್ಕೆ ಆ ತೋಟಗಾರರ ಹೆಸರನ್ನೇ ಸೇರಿಸಿ ಹೆಸರಿಟ್ಟರು. 1854ರಿಂದ 1857ರ ವರೆಗೆ, ಲಿಂಡ್ಲಿಯವರೇ ಸಂಪಾದಕರಾಗಿದ್ದ ಆ ವಾರಪತ್ರಿಕೆಯಲ್ಲಿ, ಸಸ್ಯರೋಗಗಳ ಬಗ್ಗೆ ಲೇಖನಮಾಲೆಯನ್ನು ಬರೆದರು. ವಾದದಲ್ಲಿ ಎದುರಾಳಿಯಾದವರಿಗೆ ಪತ್ರಿಕೆಯ ಅಂಕಣವನ್ನು ಬಿಟ್ಟುಕೊಟ್ಟ ಲಿಂಡ್ಲಿಯವರ ದೊಡ್ಡತನವನ್ನೂ ಇಲ್ಲಿ ಹೇಳಲೇಬೇಕು. 1863ರಲ್ಲಿ ರಾಯಲ್ ಸೊಸೈಟಿಯ ಪದಕ ಬರ್ಕ್ಲಿಯವರಿಗೆ ಸಂದಿತು. ಆ ಸಂಸ್ಥೆಯ ಸದಸ್ಯತ್ವ ದೊರೆತದ್ದು ಮಾತ್ರ 1879ರಲ್ಲಿ, ಅವರಿಗೆ ಎಪ್ಪತ್ತಾರು ವರ್ಷ ತುಂಬಿದ ಮೇಲೆ.

ನಮ್ಮ ನೆರೆಯ ಕೊಡಗಿಗೂ ಈ ಪಾದ್ರಿಗೂ ಒಂದು ನಂಟಿದೆ. ಸಿಂಹಳದ ಕಾಫಿ ತೋಟಗಳಲ್ಲಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡು ಎಲೆಗಳು ಉದುರತೊಡಗಿದಾಗ, ಆ ಎಲೆಗಳು ಇಂಗ್ಲೆಂಡಿಗೆ ಹೋದದ್ದು ಬರ್ಕ್ಲಿಯವರ ಬಳಿಗೆ. ಬಹುಕಾಲದ ಸಹೋದ್ಯೋಗಿ ಬ್ರೂಮ್ ಅವರೊಡನೆ 1869ರಲ್ಲಿ ಅವರು ಅದಕ್ಕೆ ಹೆಮಿಲೀಯಾ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ಉತ್ತರಪದದ ಅರ್ಥ ಹಾಳುಗೆಡಹುವಂಥದ್ದು. ಸಿಂಹಳದ ಕಾಫಿ ಬೇಸಾಯ ಅಳಿದು ಅಲ್ಲಿ ಚಹಾ ಬಂದುದನ್ನು ನೆನೆದರೆ ಹೆಸರು ಸರಿಯಾಗಿಯೇ ಬಿದ್ದಿದೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಎಲೆ ತುಕ್ಕು ಎಂದು ಕರೆಯುವುದು ಇದನ್ನೇ. ಕಾಫಿಗೆ ಇನ್ನೊಂದು ರೋಗವಿದೆ. ಮಳೆಗಾಲದಲ್ಲಿ ಎಲೆ ಕಪ್ಪಾಗಿ, ನೂಲಿನಿಂದ ಕಟ್ಟಿದಂತೆ ಕೊಂಬೆಯಲ್ಲೇ ನೇತಾಡುತ್ತದೆ. ಮೈಸೂರು ಸೀಮೆಯ ಬೆಳೆಗಾರರು ಅದನ್ನೂ ಕೊಳೆರೋಗವೆಂದೇ ಕರೆಯುತ್ತಿದ್ದರು. ಬರ್ಕ್ಲಿಯವರ ಸಮಕಾಲೀನರಾದ ಕುಕ್ ಎಂಬ ಶಿಲೀಂಧ್ರತಜ್ಞರು 1876ರಲ್ಲಿ ಅದನ್ನು ವರ್ಣಿಸುವಾಗ ಬೇರೆ ಪದ ಹುಡುಕದೆ ಪೆಲಿಕ್ಯುಲೇರಿಯಾ ಕೊಳೆರೋಗ ಎಂದೇ ಬರೆದರು. ಹೀಗೆ ಕನ್ನಡದ ಒಂದು ಶಬ್ದ ಲ್ಯಾಟಿನ್ ಹೆಸರುಗಳ ಪಟ್ಟಿಗೆ ಸೇರಿತು. ಅಡಿಕೆಯ ಕೊಳೆರೋಗ ಮತ್ತು ಕಾಫಿಯ ಕೊಳೆರೋಗ ಎರಡೂ ಬೇರೆ ಬೇರೆ ಜೀವಿಗಳಿಂದ ಬರುವಂಥವು ಎಂಬುದನ್ನು ಮಾತ್ರ ಮರೆಯಬಾರದು. ಹೆಸರು ಒಂದೇ ಎಂದು ಮದ್ದೂ ಒಂದೇ ಎಂದುಕೊಳ್ಳುವ ತಪ್ಪು ಈಗಲೂ ನಡೆಯುತ್ತದೆ.

1868ರಲ್ಲಿ ಬರ್ಕ್ಲಿ ಅದೇ ಜಿಲ್ಲೆಯ ಸಿಬರ್ಟಾಫ್ಟ್ ಎಂಬ ಊರಿನ ಪಾದ್ರಿಯಾಗಿ ಹೋದರು. 1879ರಲ್ಲಿ ತಮ್ಮ ಜೀವಮಾನದ ಸಂಗ್ರಹವನ್ನು ಕ್ಯೂ ಸಸ್ಯೋದ್ಯಾನಕ್ಕೆ ಒಪ್ಪಿಸಿದರು. 1889ರ ಜುಲೈ 30ರಂದು ಸಿಬರ್ಟಾಫ್ಟ್‌ನಲ್ಲಿಯೇ ತೀರಿಕೊಂಡರು. ಅದಕ್ಕೆ ನಾಲ್ಕು ವರ್ಷ ಮೊದಲು, ಬೂಸ್ಟಿಗೆ ಮದ್ದು ಸಿಕ್ಕಿತ್ತು.

ಆ ಮದ್ದು ಸಿಕ್ಕಿದ ಬಗೆ ಬಹಳ ಜನರಿಗೆ ಗೊತ್ತಿರುವ ಕತೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ತೋಟದವರು ದಾರಿಬದಿಯ ಬಳ್ಳಿಗಳ ಹಣ್ಣನ್ನು ದಾರಿಹೋಕರು ಕೀಳದಿರಲೆಂದು ತಾಮ್ರದ ಲವಣವಾದ ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರನ್ನು ಎರಚುತ್ತಿದ್ದರು. 1882ರಲ್ಲಿ ದ್ರಾಕ್ಷಿಗೆ ಬೂಸ್ಟುರೋಗ ಬಂದು ಎಲೆಗಳೆಲ್ಲ ಉದುರಿದಾಗ ದಾರಿಬದಿಯ ಆ ನೀಲಿ ಬಳ್ಳಿಗಳು ಮಾತ್ರ ಎಲೆ ಉಳಿಸಿಕೊಂಡಿದ್ದುದನ್ನು ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕರು ಕಂಡರು; ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು. ಆ ದ್ರಾಕ್ಷಿ ರೋಗದ ಜೀವಿಯೂ ಫೈಟಾಫ್ತೊರಾದ ಬಳಗದ್ದೇ. ತಾಮ್ರ ಇಲ್ಲಿ ಮಾಡುವ ಕೆಲಸ ಸರಳ: ಎಲೆ ಅಥವಾ ಕಾಯಿಯ ಮೇಲೆ ಒಣಗಿ ಅಂಟಿದ ನೀಲಿ ಪೊರೆಯಿಂದ ಮಳೆ ಬಂದಾಗ ತಾಮ್ರದ ಅಂಶ ಸ್ವಲ್ಪ ಸ್ವಲ್ಪವೇ ನೀರಿನ ಪದರಕ್ಕೆ ಇಳಿಯುತ್ತದೆ, ಆ ನೀರಿನಲ್ಲಿ ಈಜುವ ಮರಿಗಳು ಮೊಳೆಯುವ ಮೊದಲೇ ಸಾಯುತ್ತವೆ. ತಾಮ್ರ ಕಾಯಿಯ ಒಳಕ್ಕೆ ಹೋಗುವುದಿಲ್ಲ. ಹಾಗಾಗಿ ಒಳಗೆ ನುಗ್ಗಿಯಾದ ರೋಗವನ್ನು ಅದು ಗುಣಪಡಿಸಲಾರದು.

ಅಡಿಕೆಯ ಕೊಳೆರೋಗದ ಜೀವಿಯನ್ನು ಗುರುತಿಸಿದವರು ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ಲೆಸ್ಲಿ ಕೋಲ್ಮನ್. 1910ರಲ್ಲಿ ಪ್ರಕಟವಾದ ಅವರ ವರದಿ ಅದನ್ನು ಫೈಟಾಫ್ತೊರಾದ ಒಂದು ಬಗೆಯೆಂದು ಹೇಳಿತು. ಬೋರ್ಡೋ ದ್ರಾವಣವೆಂದು ಹೆಸರಾದ ಆ ನೀಲಿ ಮದ್ದು ಅಡಿಕೆಗೂ ಒದಗುತ್ತದೆಂದು ತೋರಿಸಿಕೊಟ್ಟವರೂ ಅವರೇ. ಅದಕ್ಕೂ ಮೊದಲು ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಬೂಸ್ಟಿನ ಬಗ್ಗೆ ಏನೂ ತಿಳಿಯದೆಯೇ, ನೀರು ಗೊನೆಗೆ ತಾಗಬಾರದೆಂಬ ಸರಿಯಾದ ತೀರ್ಮಾನಕ್ಕೆ ಅವರು ಅನುಭವದಿಂದಲೇ ಬಂದಿದ್ದರು. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1956ರಲ್ಲಿ ಗಡಿ ಬದಲಾಯಿತು, ತೋಟದ ಕ್ರಮ ಬದಲಾಗಲಿಲ್ಲ. ಇಂದು ಕಾಸರಗೋಡಿನಲ್ಲಿಯೇ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಿದೆ, ವಿಟ್ಲದಲ್ಲಿ ಅದರ ಅಡಿಕೆ ಕೇಂದ್ರವಿದೆ.

ನಮ್ಮ ಕಡೆ ಮದ್ದು ಬಿಡುವುದು ಎಂದರೆ ಬೇರೆ ವಿವರಣೆ ಬೇಡ, ಅದು ಬೋರ್ಡೋ ದ್ರಾವಣವೇ. ಲೆಕ್ಕ ಎಲ್ಲರಿಗೂ ಬಾಯಿಪಾಠ: ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಮೊದಲನೆಯದು ಮಳೆ ಹಿಡಿಯುವ ಮುನ್ನ, ಎರಡನೆಯದು ನಲವತ್ತು ನಲವತ್ತೈದು ದಿನಗಳ ನಂತರ. ಹೇಳುವಷ್ಟು ಸುಲಭವಾಗಿ ನಡೆಯುವುದಿಲ್ಲ. ಮರ ಏರುವವರು ಸಿಗಬೇಕು, ಸಿಕ್ಕ ದಿನ ಮಳೆ ನಿಲ್ಲಬೇಕು, ಬಿಟ್ಟ ಮದ್ದು ಗೊನೆಗೆ ಅಂಟಿ ಒಣಗುವಷ್ಟು ಹೊತ್ತಾದರೂ ಹೊಳವು ಉಳಿಯಬೇಕು. ಒಂದು ವರ್ಷ ನಮ್ಮ ತೋಟದಲ್ಲಿ ಎರಡನೇ ಮದ್ದು ಹದಿನೈದು ದಿನ ತಡವಾಯಿತು. ಬುಡದಲ್ಲಿ ಅಡಿಕೆ ಬೀಳಲು ಆರಂಭವಾದ ಮೇಲೆ ಗಡಿಬಿಡಿಯಿಂದ ಬಿಡಿಸಿದೆವು. ಆಮೇಲೂ ಎರಡು ವಾರ ಬೀಳುತ್ತಲೇ ಇತ್ತು. ಮದ್ದು ನಕಲಿ ಎಂದು ಮನೆಯಲ್ಲಿ ಎಲ್ಲರೂ ಬೈದೆವು. ಬಿದ್ದದ್ದು ಮದ್ದಿಗೆ ಮೊದಲೇ ಬೂಸ್ಟು ಒಳಹೊಕ್ಕ ಅಡಿಕೆಗಳು ಎಂಬುದು ನನಗೆ ಹೊಳೆದದ್ದು ಎಷ್ಟೋ ಕಾಲದ ನಂತರ, ಬರ್ಕ್ಲಿಯವರು ಎಲೆಯ ಹಸಿರು ಅಂಚಿನಲ್ಲಿ ಕಂಡ ನೂಲುಗಳ ಬಗ್ಗೆ ಓದುವಾಗ.

ಉದುರಿದ ಅಡಿಕೆಯನ್ನು ಹೆಕ್ಕಿ ತೋಟದಿಂದ ಆಚೆ ಹಾಕಬೇಕು, ಗೊನೆಯಲ್ಲೇ ಒಣಗಿ ಉಳಿದದ್ದನ್ನು ಕೊಯ್ದು ತೆಗೆಯಬೇಕು ಎಂದು ಹೇಳುವುದೂ ಇದೇ ಕಾರಣಕ್ಕೆ. ಮುಂದಿನ ಮಳೆಗಾಲದ ಬೂಸ್ಟು ಉಳಿದುಕೊಳ್ಳುವುದು ಅಂಥ ಕಡೆಗಳಲ್ಲಿ. ಮದ್ದು ತಯಾರಿಸುವಾಗ ತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾರೆ. ಕಬ್ಬಿಣದ ಪಾತ್ರೆ ಬಳಸುವುದಿಲ್ಲ. ಆಮೇಲೆ ಉಜ್ಜಿ ಹೊಳಪು ತಂದ ಕತ್ತಿಯೊಂದನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತುತ್ತಾರೆ. ಕತ್ತಿಯ ಬಾಯಿ ಕೆಂಪಗಾಗಿದ್ದರೆ ತಾಮ್ರ ಬಿಡಿಯಾಗಿ ಉಳಿದಿದೆ, ಹಾಗೆಯೇ ಬಿಟ್ಟರೆ ಎಳೆ ಅಡಿಕೆ ಸುಡುತ್ತದೆ ಎಂದು ಲೆಕ್ಕ. ಆಗ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಕತ್ತಿಯನ್ನು ಮತ್ತೆ ಉಜ್ಜಿ, ಮತ್ತೆ ಅದ್ದಿ ನೋಡುತ್ತಾರೆ.